ಕೆರೆಯಂಗಳದ ಕಂಠೀರವ

ಕಾವ್ಯಕ್ಕೆ ಓದುಗನಿರುವಂತೆ ಕಟ್ಟಡಕ್ಕೆ ನೆರೆಹೊರೆಯೊಂದು ಉಂಟು. ಆ ನೆರೆಯೊಡನೆ ಅದು ಹೇಗೆ ಮಾತನಾಡುತ್ತದೆಂಬುದೇ ಅದರ ಗುಣದೋಷಗಳಿಗೆ ಒರೆಗಲ್ಲು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ನನಗೆ ಬಹುದಿನದ ಆಸೆ.

ನಾನು ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ಕಡೆಯವನು. ನಮ್ಮ ಸೀಮೆಯ ಹಳ್ಳಿಗಳಲ್ಲಿ ದೀಪಾವಳಿ ಕಳೆಯಿತೆಂದರೆ ಕೊಬ್ಬರಿ ಹೋರಿಗಳನ್ನು ಬಿಡುವುದು ಊರ ಬೀದಿಯಲ್ಲಿಯೇ. ಮಾಳಿಗೆ, ಕಟ್ಟೆ, ಬಂಡಿಯ ಮೂಕಿ, ಎಲ್ಲವೂ ನೋಡುವವರ ಪೀಠವೇ. ಅದರಲ್ಲಿ ಪೆಟ್ಟು ತಿನ್ನುವವರೂ ಇದ್ದಾರೆ. ಆ ಅಪಾಯವನ್ನು ನಾನು ಹೊಗಳುತ್ತಿಲ್ಲ. ಆದರೆ ಆಟಕ್ಕೂ ಊರಿಗೂ ನಡುವೆ ಅಲ್ಲಿ ಗೋಡೆಯಿಲ್ಲ. ಆ ಕಣ್ಣಿನಿಂದ ಬಂದವನಿಗೆ ಕಂಠೀರವದಲ್ಲಿ ಮೊದಲು ಕಾಣುವುದೇ ಗೋಡೆ.

ಈ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಆ ಕೆರೆಯ ನೀರುಂಡು ಬೆಳೆದವು ತಿಗಳ ಜನಾಂಗದವರ ತೋಟಗಳು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಹರಿದು ಬಂದ ಮೇಲೆ ನಗರಕ್ಕೆ ಕೆರೆಯ ಹಂಗು ಹರಿಯಿತು. ಹಂಗು ಹರಿದ ಮೇಲೆ ಕೆರೆಯೆಂಬುದು ಬರಿಯ ಜಾಗವಾಯಿತು. ತೋಟಗಾರರಿಗೆ ನೀರು ಬೇಕಾಗಿತ್ತು. ದಂಡಿನವರಿಗೆ ಪೋಲೋ ಆಡುವ ಬಯಲು ಬೇಕಾಗಿತ್ತು. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ. 1930ರ ದಶಕ ಮುಗಿಯುವ ಹೊತ್ತಿಗೆ ಕೆರೆ ಹೋಗಿ, ಕರಗದ ವಿಧಿಗೆಂದು ಒಂದು ಚಿಕ್ಕ ಕೊಳ ಮಾತ್ರ ಉಳಿದಿತ್ತು. ‘ಕೆರೆಗೆ ಹಾರ’ದಲ್ಲಿ ನೀರು ಬರಲೆಂದು ಭಾಗೀರಥಿಯನ್ನು ಕೊಟ್ಟರು. ಇಲ್ಲಿ ಹಾರವಾದದ್ದು ಕೆರೆಯೇ.

ಇಷ್ಟಾದರೂ ಕ್ರೀಡಾಂಗಣದ ಪಕ್ಷದಲ್ಲಿ ಹೇಳುವ ಮಾತಿಲ್ಲದೆ ಇಲ್ಲ. ಧರ್ಮಾಂಬುಧಿ ಕೆರೆಯಲ್ಲಿ ಬಸ್ಸು ನಿಲ್ದಾಣ ಕಟ್ಟಿದ ಊರಿದು. ಅಂಥ ಊರಿನಲ್ಲಿ ಒಂದು ಬಯಲು ಬಯಲಾಗಿ ಉಳಿದು ಮಕ್ಕಳು ಓಡುವಂತಾದದ್ದು ಸಣ್ಣ ಪುಣ್ಯವಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟ ಇಲ್ಲಿ ನಡೆಯಿತು. 2014ರಿಂದೀಚೆಗೆ ಬೆಂಗಳೂರು ಎಫ್.ಸಿ. ತಂಡದ ಕಾಲ್ಚೆಂಡಾಟಕ್ಕೆ ಸಾವಿರಗಟ್ಟಲೆ ಜನ ನೆರೆದಿದ್ದಾರೆ. ಕಳೆದ ನೀರನ್ನು ಮರಳಿ ತಾ ಎಂದು ವಾಸ್ತುಶಿಲ್ಪಿಯನ್ನು ಪೀಡಿಸುವುದೂ ನ್ಯಾಯವಲ್ಲ. ನನ್ನ ಆಕ್ಷೇಪ ಬೇರೆ. ಉಳಿದಿದ್ದ ಅಷ್ಟು ನೀರಿಗೂ ಈ ಕಟ್ಟಡ ಬೆನ್ನು ಹಾಕಿ ಕುಳಿತಿದೆ. ಕೊಳದ ಸುತ್ತ ಕಂಬಿಬೇಲಿ. ಆಟಕ್ಕೆ ಬಂದವನಿಗೆ ಕೊಳ ಕಾಣದು, ಕೊಳಕ್ಕೆ ಬಂದವನಿಗೆ ಆಟ ಕಾಣದು.

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಡಲಂಚನ್ನು ಊರಿನಿಂದ ಅಗಲಿಸಿದ್ದ ಎತ್ತರದ ಹೆದ್ದಾರಿಯೊಂದಿತ್ತು. 1989ರ ಭೂಕಂಪದಲ್ಲಿ ಅದು ಜಖಂಗೊಂಡು, 1991ರಲ್ಲಿ ಅದನ್ನು ಕೆಡವಿದರು. ಅದೇ ಕಡಲಂಚಿನಲ್ಲಿ 2000ದಲ್ಲಿ ಬೇಸ್‌ಬಾಲ್ ಕ್ರೀಡಾಂಗಣವೊಂದು ತೆರೆಯಿತು. ನೀರಿನ ಕಡೆಯ ಅದರ ಗೋಡೆಯಲ್ಲಿ ಕಮಾನಿನಂಥ ಕಿಂಡಿಗಳಿವೆ. ದಂಡೆಯಲ್ಲಿ ನಡೆದು ಹೋಗುವವರು ನಿಂತು ಕಾಸಿಲ್ಲದೆ ಆಟ ನೋಡಬಹುದು. ಒಳಗಿನ ಟಿಕೇಟು ದುಬಾರಿಯೇ. ಆ ಊರೇನು ಸ್ವರ್ಗವಲ್ಲ. ಆದರೂ ಆ ಕಿಂಡಿಗಳನ್ನು ಇಟ್ಟವನಿಗೆ ಹೊರಗೆ ನಿಂತವನ ನೆನಪಿತ್ತು.

ಕಂಠೀರವಕ್ಕೆ ಅಷ್ಟು ಸಾಕಾಗಿತ್ತು. ಕೊಳದ ಕಡೆಗೆ ಗೋಡೆ ತಗ್ಗಲಿ. ಬೇಲಿಯ ಜಾಗದಲ್ಲಿ ನಾಲ್ಕು ಸಾಲು ಮೆಟ್ಟಿಲು ಬರಲಿ. ಸಂಪಂಗಿರಾಮನಗರದ ಮುದುಕರು ಸಂಜೆ ಕಬ್ಬನ್ ಪಾರ್ಕಿಗೆ ಹೋಗುವ ಹಾದಿ ಆ ನೀರಿನ ಮಗ್ಗುಲಿಂದಲೇ ಸಾಗಲಿ. ಚೈತ್ರದಲ್ಲಿ ಕರಗದವರು ಬರುವ ಕೊಳವದು. ಅವರ ಹಿರಿಯರ ತೋಟಗಳಿಗೆ ಹಾಯ್ದ ನೀರಿನಲ್ಲಿ ಇಂದಿಗೆ ಉಳಿದಿರುವುದು ಅದಿಷ್ಟೇ.