ಲಂಗಡನ ನಕಲು

ಶ್ರೀಲಾಲ್ ಶುಕ್ಲರ ‘ರಾಗ್ ದರಬಾರಿ’ಯನ್ನು ನಾನು ಮೊದಲ ಸಲ ಓದಿದ್ದು ವಿದ್ಯಾರ್ಥಿಯಾಗಿದ್ದಾಗ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಎರಡನೆಯ ಸಲ ಓದುವಾಗ ಪುಟದ ಗುರುತಿಗೆಂದು ಇಟ್ಟುಕೊಂಡಿದ್ದು ಒಂದು ತಾಲ್ಲೂಕು ಕಚೇರಿಯಿಂದ ಬಂದ ಹಿಂಬರಹ: ‘ತಾವು ಕೋರಿರುವ ಕಡತವು ಲಭ್ಯವಿರುವುದಿಲ್ಲ.’ ಈ ಸಲ ಅಷ್ಟು ನಗು ಬರಲಿಲ್ಲ.

1968ರಲ್ಲಿ ಬಂದ ಈ ಹಿಂದಿ ಕಾದಂಬರಿಯ ಅಂಚಿನಲ್ಲಿ ಲಂಗಡ ಎಂಬೊಬ್ಬ ಆಗಾಗ ಬಂದು ಹೋಗುತ್ತಾನೆ. ಲಂಗಡ ಎಂದರೆ ಕುಂಟ, ಹೆಸರೂ ಅದೇ. ಸಿವಿಲ್ ದಾವೆಯೊಂದಕ್ಕಾಗಿ ಅವನಿಗೆ ತಹಸೀಲು ಕಚೇರಿಯಿಂದ ಹಳೆಯ ತೀರ್ಪಿನ ನಕಲು ಬೇಕು. ನಕಲು ಗುಮಾಸ್ತ ಐದು ರೂಪಾಯಿ ಕೇಳುತ್ತಾನೆ, ಇವನು ರೇಟು ಎರಡೇ ಎನ್ನುತ್ತಾನೆ. ಗುಮಾಸ್ತನಿಗೆ ಮದುವೆ ಮಾಡಬೇಕಾದ ಹೆಣ್ಣುಮಕ್ಕಳಿದ್ದಾರೆಂದು ಅಲ್ಲಿದ್ದ ವಕೀಲರು ಸಮಜಾಯಿಷಿ ಕೊಡುತ್ತಾರೆ. ಮಾತಿಗೆ ಮಾತು ಬೆಳೆದು ಇಬ್ಬರೂ ಶಪಥ ಮಾಡುತ್ತಾರೆ: ಲಂಚ ಕೊಡುವುದಿಲ್ಲವೆಂದು ಅವನು, ಮುಟ್ಟುವುದಿಲ್ಲವೆಂದು ಇವನು. ಇನ್ನು ಎಲ್ಲವೂ ನಿಯಮದ ಪ್ರಕಾರ. ಅಲ್ಲಿಂದ ಲಂಗಡನ ಶನಿಕಾಟ ಶುರು. ಅರ್ಜಿಯಲ್ಲಿ ಒಂದಲ್ಲ ಒಂದು ಕೊರತೆ. ಕಡೆಗೊಮ್ಮೆ ನಕಲು ತಯಾರಾಗಿ ನೋಟೀಸ್ ಬೋರ್ಡಿನಲ್ಲಿ ಪ್ರಕಟಣೆ ಬಂದಾಗ ಅವನು ಊರಿನಲ್ಲಿ ಜ್ವರ ಬಂದು ಮಲಗಿದ್ದಾನೆ. ಎದ್ದು ಬರುವಷ್ಟರಲ್ಲಿ ಅವಧಿ ಮುಗಿದು ನಕಲನ್ನು ಹರಿದು ಹಾಕಿದ್ದಾರೆ.

ಇದನ್ನು ಲಂಚಗುಳಿತನದ ವಿಡಂಬನೆ ಎಂದು ಓದುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಲಂಗಡನನ್ನು ಕೊಂದದ್ದು ಐದು ರೂಪಾಯಿಯಲ್ಲ, ನಿಯಮ. ಶುಕ್ಲರು ಸ್ವತಃ ಉತ್ತರ ಪ್ರದೇಶ ಸರ್ಕಾರದ ಅಧಿಕಾರಿಯಾಗಿದ್ದವರು. ನಿಯಮವನ್ನು ತಪ್ಪದೆ ಪಾಲಿಸಿಯೇ ಒಬ್ಬನನ್ನು ಹೇಗೆ ಬಾಗಿಲಾಚೆ ನಿಲ್ಲಿಸಬಹುದೆಂದು ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ. ಆದರೆ ಅವರ ನಗು ಮೇಜಿನ ಆ ಕಡೆಯಿಂದ ಬಂದದ್ದು. ಅರ್ಜಿಯ ಕೊರತೆಗಳು ನಮಗೆ ನೆನಪಿರುತ್ತವೆ. ಆ ದಾವೆಯಲ್ಲಿ ಲಂಗಡ ಏನನ್ನು ಕಳೆದುಕೊಳ್ಳಲಿದ್ದ ಎಂಬುದು ಮಾತ್ರ ಮನಸ್ಸಿಗೆ ತಾಗುವುದೇ ಇಲ್ಲ. ಕಾಗದ ಅವನಿಗೆ ಯಾಕೆ ಬೇಕಿತ್ತು ಎಂಬುದು ಮಸುಕಾಗಿ, ಅವನೊಬ್ಬ ಹಟಮಾರಿ ಭಗತನಾಗಿ ಉಳಿಯುತ್ತಾನೆ.

ನನಗೆ ಯಾಕೆ ಬೇಕಿತ್ತೆಂದರೆ, ಅಪ್ಪನಿಗೆ ದರಖಾಸ್ತಿನಲ್ಲಿ ಸಿಕ್ಕ ಎರಡು ಎಕರೆ. ಸಾಗುವಳಿ ಚೀಟಿ ಇದೆ, ಪಹಣಿಯಲ್ಲಿ ಹೆಸರಿದೆ. ಪೋಡಿ ಆಗಲು ಮೂಲ ಮಂಜೂರಾತಿ ಕಡತ ಬೇಕು ಎಂದರು. ಅಪ್ಪ ಸಾಯುವ ತನಕ ಆ ಕಡತಕ್ಕಾಗಿ ಅಲೆದರು. ಕೇಳಿದಷ್ಟು ಕೊಟ್ಟೂ ಅಲೆದರು ಎಂಬುದನ್ನು ಮುಚ್ಚಿಡುವುದಿಲ್ಲ.

ವಿಚಿತ್ರವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯೂ ‘ಯಾಕೆ ಬೇಕು’ ಎಂದು ಕೇಳುವುದಿಲ್ಲ. ಕಾರಣ ಕೇಳಕೂಡದೆಂದೇ ಅದರ 6ನೇ ಕಲಮು ಹೇಳುತ್ತದೆ. ಕಾದಂಬರಿಯಲ್ಲಿ ದೋಷವಾದದ್ದು ಕಾನೂನಿನಲ್ಲಿ ಗುಣವಾಗಿದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು, ತಡಮಾಡಿದರೆ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿಯವರೆಗೆ ದಂಡ: ಲಂಗಡನ ಕಥೆಯನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ. ‘ಕಡತ ಸಿಗುತ್ತಿಲ್ಲ’ ಎಂಬುದು ಮಾಹಿತಿ ನಿರಾಕರಿಸಲು 8ನೇ ಕಲಮು ಕೊಡುವ ಕಾರಣಗಳಲ್ಲಿ ಇಲ್ಲವೇ ಇಲ್ಲ. ಆದರೂ ನನ್ನ ಹಿಂಬರಹ 29ನೇ ದಿನ ಬಂತು. ಗಡುವಿನೊಳಗೇ.

ಶುಕ್ಲರಿಗೆ ಕಾಣದೇ ಹೋದದ್ದು ಇನ್ನೊಂದಿದೆ. ಅವರ ಲಂಗಡ ಒಂಟಿ. ಊರಿನವರೆಲ್ಲ ಐದು ರೂಪಾಯಿ ಬಿಸಾಕು ಎನ್ನುವವರೇ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರ ಎದುರು ಸರ್ಕಾರಿ ದಾಖಲೆಗಳನ್ನು ಗಟ್ಟಿಯಾಗಿ ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಅವರು ಕೇಳಿದ್ದೂ ನಕಲನ್ನೇ, ಹಾಜರಿ ಪಟ್ಟಿಯ ನಕಲು, ಖರ್ಚಿನ ಬಿಲ್ಲಿನ ನಕಲು. ಅಲ್ಲಿ ಕಾಗದ ಯಾಕೆ ಬೇಕೆಂದು ಯಾರಿಗೂ ವಿವರಿಸಬೇಕಿರಲಿಲ್ಲ. ಬಾರದ ಕೂಲಿ ಎಲ್ಲರದೂ ಆಗಿತ್ತು.

ಹಾಜರಿ ಪಟ್ಟಿ ಎಂದರೆ ಹೆಸರುಗಳೇ ತಾನೆ? 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಮೂಲಕ ಮಾಡಿದ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಮೇಲೆ, ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಹೇಳಿ ಇಂಥದ್ದನ್ನು ನಿರಾಕರಿಸಬಹುದು. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂಬ ಕಲಮು ಉಳಿದಿದೆ, ನಿಜ. ಆದರೆ ಆ ಹಿತ ಯಾವುದೆಂದು ಕೇಳುವವನೇ ವಾದಿಸಬೇಕಾಗುತ್ತದೆ. ಮುಂಬಾಗಿಲಿನಿಂದ ಹೊರಗಟ್ಟಿದ ‘ಯಾಕೆ ಬೇಕು’ ಹಿತ್ತಿಲಿನಿಂದ ಒಳಗೆ ಬಂದು ಕೂತಿದೆ.

ಹಿಂಬರಹ ಇನ್ನೂ ಅದೇ ಪುಟದಲ್ಲಿದೆ. ಕಡತ ಕಡೆಯದಾಗಿ ಯಾವ ವರ್ಷ ಯಾವ ಶಾಖೆಗೆ ಹೋಯಿತು, ಚಲನವಲನ ವಹಿಯ ಪ್ರತಿ ಕೊಡಿ ಎಂದು ಮತ್ತೊಂದು ಅರ್ಜಿ ಬರೆದೆ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರಬಾರದು. ನನ್ನದು 40ರಲ್ಲೇ ಮುಗಿಯಿತು. ಅದೇ ಸರ್ವೆ ನಂಬರಿನ ಇನ್ನು ಆರು ಜನ ಬಂದು, ಅದನ್ನೇ ನಕಲು ಮಾಡಿಕೊಂಡು ತಮ್ಮ ತಮ್ಮ ಹೆಸರಿನಲ್ಲಿ ಹಾಕಿದ್ದಾರೆ.