ಕೋಟೆಯ ಮಗ್ಗುಲಲ್ಲಿ ಕಲ್ಲಿನ ಆಸರೆ

ಗುಬ್ಬಿಯ ನಮ್ಮ ಮನೆಯಲ್ಲಿ ‘ದೊಡ್ಡಾಸ್ಪತ್ರೆ’ ಎಂದರೆ ಬೆಂಗಳೂರಿನ ವಿಕ್ಟೋರಿಯಾ. ಅಜ್ಜಿಯನ್ನು ಅಲ್ಲಿಗೆ ಕರೆದೊಯ್ದ ದಿನ ನನ್ನ ಕಣ್ಣು ಮೊದಲು ನಿಂತದ್ದು ಆ ಕಟ್ಟಡದ ಕಲ್ಲಿನ ಮೇಲೆ.

1897ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದಕ್ಕೆ ಅಡಿಗಲ್ಲು ಇಟ್ಟರು. ಮರುವರ್ಷವೇ ಪ್ಲೇಗು ಬೆಂಗಳೂರನ್ನು ನಡುಗಿಸಿತು; ಆದರೂ ಕಟ್ಟಡ ಮೇಲೆದ್ದಿತು. 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಆಸ್ಪತ್ರೆಯನ್ನು ಉದ್ಘಾಟಿಸಿದರು.

ಸುತ್ತಲಿನ ನೆರೆಹೊರೆ ನೋಡಿ: ಕೋಟೆಯ ಕಲ್ಲುಗೋಡೆ, ಕೋಟೆ ವೆಂಕಟರಮಣ ದೇವಸ್ಥಾನ, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ, ಆಚೆಗೆ ಗಿಜಿಗುಡುವ ಮಾರುಕಟ್ಟೆ. ಈ ಹಿರಿಯರ ನಡುವೆ ಆಸ್ಪತ್ರೆ ಎದೆಯುಬ್ಬಿಸಿ ನಿಲ್ಲಲಿಲ್ಲ. ಕೋಟೆಯಂತೆ ತಾನೂ ಕಲ್ಲನ್ನೇ ತೊಟ್ಟಿತು. ಎತ್ತರಕ್ಕೆ ಏರದೆ ಅಗಲಕ್ಕೆ ಹರಡಿತು. ದಪ್ಪ ಗೋಡೆ ಬಿಸಿಲನ್ನು ಹೊರಗೇ ತಡೆಯುತ್ತದೆ. ಎತ್ತರದ ಚಾವಣಿಯಡಿ ಬಿಸಿಗಾಳಿ ಮೇಲೇರುತ್ತದೆ. ಕಮಾನುಗಳ ಪಡಸಾಲೆ ಬೀದಿಗೂ ವಾರ್ಡಿಗೂ ನಡುವಿನ ಹೊಸ್ತಿಲು. ರೋಗಿಯ ಕಡೆಯವರು ಉಸಿರು ಬಿಡುವ ಜಾಗ.

ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ, ಕುಣಿಗಲ್ಲಿನ ಪೇಟೆಯಲ್ಲಾಗಲಿ ಹೊಸ ಆಸ್ಪತ್ರೆ ಕಟ್ಟುವವರು ಒಮ್ಮೆ ಈ ಪಡಸಾಲೆಯಲ್ಲಿ ಕೂತು ಬರಬೇಕು. ನಮ್ಮ ಸೀಮೆಯಲ್ಲಿ ಬಂಡೆಗೆ ಬರವಿಲ್ಲ, ಬಿಸಿಲಿಗೂ ಬರವಿಲ್ಲ. ಬುತ್ತಿ ಬಿಚ್ಚಲು ಒಂದು ಜಗಲಿ, ಕಾಯಲು ಒಂದು ಹೊಂಗೆಮರದ ನೆರಳು ಇರಲಿ. ಅಂಜುತ್ತ ಬಂದವರಿಗೆ ಕಟ್ಟಡವೇ ಮೊದಲು ಧೈರ್ಯ ಹೇಳಬೇಕು. ಆ ಕಲ್ಲಿನ ಕಮಾನುಗಳು ಅಂದು ನಮ್ಮಜ್ಜಿಗೆ ಹೇಳಿದ್ದು ಅದನ್ನೇ.