ನೀರಿನಲ್ಲಿ ವೀರ, ದಡದಲ್ಲಿ ಕಾವಲುಗಾರ

ಈಜಿನ ಹುಚ್ಚಿನ ಜೊತೆಗೆ ಓದಿನ ಹುಚ್ಚೂ ಇದ್ದವರಿಗೆ ಇಂಗ್ಲಿಷಿನಲ್ಲಿ ಪುಸ್ತಕಗಳಿಗೆ ಬರವಿಲ್ಲ. ಕೈ ಹೇಗೆ ಬೀಸಬೇಕು, ಉಸಿರು ಯಾವಾಗ ಬಿಡಬೇಕು ಎಂದು ಹೇಳಿಕೊಡುವ ಕೈಪಿಡಿಗಳು ಒಂದು ಕಡೆ. ನದಿ, ಕಡಲು, ಕೊಳಗಳಲ್ಲಿ ಈಜಿದ ಅನುಭವವನ್ನೇ ಸಾಹಿತ್ಯವಾಗಿಸಿದ ಬರಹಗಳು ಇನ್ನೊಂದು ಕಡೆ. ಈ ಎರಡನೆಯ ಬಗೆ ಕಳೆದ ಮೂರು ದಶಕಗಳಲ್ಲಿ ಒಂದು ಪಂಥವಾಗಿಯೇ ಬೆಳೆದಿದೆ. ಅದಕ್ಕೆ ಮೂಲಪುರುಷರಿದ್ದಾರೆ, ಪಳಗಿದ ವರಸೆಗಳಿವೆ, ಒಂದು ದೊಡ್ಡ ಕುರುಡೂ ಇದೆ. ನೀರಿಗಿಳಿದ ಒಂಟಿ ಜೀವದ ಮೇಲೆ ಅದರ ಕಣ್ಣು ಎಷ್ಟು ನೆಟ್ಟಿದೆಯೆಂದರೆ, ಯಾರು ಇಳಿಯಬಹುದು, ಯಾರು ಇಳಿಯಬಾರದು ಎಂದು ದಡದಲ್ಲಿ ನಿಂತು ತೀರ್ಮಾನಿಸುವವರು ಅದಕ್ಕೆ ಕಾಣುವುದೇ ಅಪರೂಪ. ಯಾರಿಗಾದರೂ ಈ ಪುಸ್ತಕಗಳನ್ನು ಶಿಫಾರಸು ಮಾಡುವಾಗ ನನ್ನ ಒರೆಗಲ್ಲು ಅದೇ: ದಡದ ಮೇಲಿನ ಮನುಷ್ಯ ಪುಸ್ತಕದೊಳಗೆ ಬಂದಿದ್ದಾನೆಯೇ?

ಪಂಥದ ಮೊದಲ ದೊಡ್ಡ ಪುಸ್ತಕ ಚಾರ್ಲ್ಸ್ ಸ್ಪ್ರಾಸನ್ ಅವರ ‘ಹಾಂಟ್ಸ್ ಆಫ್ ದ ಬ್ಲ್ಯಾಕ್ ಮಸ್ಸೂರ್’. 1992ರಲ್ಲಿ ಬಂತು. ಈಜುಗಾರನೆಂದರೆ ವೀರ, ಅದರಲ್ಲೂ ಲೋಕದೊಂದಿಗೆ ಹೊಂದಿಕೊಳ್ಳದ ಏಕಾಂಗಿ ವೀರ ಎಂಬುದು ಅವರ ಮೂಲ ನಂಬಿಕೆ. ನೆಲದ ಮೇಲೆ ಕುಂಟುತ್ತಿದ್ದ ಇಂಗ್ಲಿಷ್ ಕವಿ ಬೈರನ್ 1810ರ ಮೇ 3ರಂದು ಹೆಲೆಸ್ಪಾಂಟ್ ಜಲಸಂಧಿಯನ್ನು ದಾಟಿದ. ನೀರಿನಲ್ಲಿ ಅವನ ಕಾಲಿಗೆ ಊನವಿರಲಿಲ್ಲ. ಕವಿಗಳನ್ನು ಅವರು ಬರೆದ ಸಾಲುಗಳಿಂದ ಅಳೆಯುವ ಬದಲು ಅವರು ನೀರಿಗಿಳಿದ ಬಗೆಯಿಂದ ಅಳೆಯುವ ಈ ವಿಮರ್ಶೆ ವಿಚಿತ್ರ, ಆದರೆ ಮೋಹಕ. ವಿದ್ವತ್ತು ಎಲ್ಲೂ ಭಾರವೆನಿಸುವುದಿಲ್ಲ. ತಾವೂ ಹೆಲೆಸ್ಪಾಂಟ್‌ಗೆ ಇಳಿದ ಸ್ಪ್ರಾಸನ್ ಅವರಿಗೆ ಇದು ಬರೀ ಪುಸ್ತಕದ ಬದನೆಕಾಯಿಯಲ್ಲ.

ವೀರಾರಾಧನೆ ಪುಸ್ತಕದ ಶಕ್ತಿಯೂ ಹೌದು, ಮಿತಿಯೂ ಹೌದು. ಸ್ಪ್ರಾಸನ್ ಹುಟ್ಟಿದ್ದು ಕರಾಚಿಯಲ್ಲಿ, ಈಜು ಕಲಿತದ್ದೂ ಭಾರತದಲ್ಲಿ. ತಂದೆ ಮುಖ್ಯೋಪಾಧ್ಯಾಯರಾಗಿದ್ದ ಶಾಲೆಗೆ ನವಾನಗರದ ಜಾಮ್ ಸಾಹೇಬರು ಕೊಡುಗೆಯಾಗಿ ಕೊಟ್ಟ ಕೊಳದಲ್ಲಿ. ಆ ಕೊಳಕ್ಕೆ ಯಾರ ಮಕ್ಕಳು ಇಳಿಯುತ್ತಿದ್ದರು ಎಂಬ ಪ್ರಶ್ನೆ ಇಲ್ಲಿನ ಓದುಗರಿಗೆ ತಟ್ಟನೆ ಹೊಳೆಯುತ್ತದೆ. ಪುಸ್ತಕದ ಆಸಕ್ತಿ ಅತ್ತ ಹೊರಳುವುದಿಲ್ಲ. ಬೈರನ್ ಅಡ್ಡವಾಗಿ ದಾಟಿದ ಆ ಜಲಸಂಧಿಗೇ ಇಂದಿನ ಹೆಸರು ಡಾರ್ಡನೆಲ್ಸ್. ಅದನ್ನು 1966ರಲ್ಲಿ ಉದ್ದಕ್ಕೆ ಈಜಿದವರು ಕಲ್ಕತ್ತೆಯ ವಕೀಲ ಮಿಹಿರ್ ಸೇನ್. 1958ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದವರೂ ಅವರೇ. ಸ್ಪ್ರಾಸನ್ ಓದಿ ರೋಮಾಂಚನಗೊಂಡವರು ಅವರ ವೀರರ ಪಟ್ಟಿಗೆ ಸೇನ್ ಹೆಸರನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.

ರೋಜರ್ ಡೀಕಿನ್ ಅವರ ‘ವಾಟರ್‌ಲಾಗ್’ (1999) ವೀರನನ್ನು ಕೆಳಗಿಳಿಸಿ ಅಲೆಮಾರಿಯನ್ನು ತಂದಿತು. ಇಂಗ್ಲೆಂಡಿನ ಸಫೋಕ್‌ನಲ್ಲಿ, ತಮ್ಮ ಹಳೆಯ ಮನೆಯ ಕಂದಕದ ನೀರಿನಲ್ಲಿ ಈಜುತ್ತಿದ್ದಾಗ ಹೊಳೆದ ಯೋಚನೆಯ ಬೆನ್ನು ಹಿಡಿದು ಅವರು ಬ್ರಿಟನ್ನಿನ ನದಿ, ಕೆರೆ, ಕಡಲತೀರಗಳಲ್ಲಿ ಈಜುತ್ತಾ ಹೋದರು. ಅವರದು ಕಪ್ಪೆ ಈಜು: ತಲೆ ನೀರಿನ ಮೇಲೆ, ಕಣ್ಣು ನೀರಿನ ಮಟ್ಟದಲ್ಲಿ. ವೇಗದ ಗೊಡವೆಯಿಲ್ಲದ್ದರಿಂದ ದಡದ ಹುಲ್ಲು, ಏರೋಪ್ಲೇನ್ ಚಿಟ್ಟೆ, ಎದುರಾಗುವ ಮೀನು ಎಲ್ಲವೂ ಬರವಣಿಗೆಗೆ ದಕ್ಕುತ್ತವೆ.

ಆದರೆ ಪುಸ್ತಕದ ಜೀವ ಇರುವುದು ನಿಸರ್ಗ ವರ್ಣನೆಯಲ್ಲಲ್ಲ, ಜಗಳದಲ್ಲಿ. ಹೆಸರಾಂತ ಶಾಲೆಯೊಂದರ ಪಕ್ಕದಲ್ಲಿ ಹರಿಯುವ ಇಚೆನ್ ನದಿಯಲ್ಲಿ ಈಜಿದ ಅವರನ್ನು ಕಾವಲಿನವರು ತಡೆದು, ಇದು ಖಾಸಗಿ ಜಾಗ ಎನ್ನುತ್ತಾರೆ. ಒದ್ದೆ ಮೈಯ ಡೀಕಿನ್ ವಾದಕ್ಕೆ ನಿಲ್ಲುತ್ತಾರೆ. ಮೀನು ಹಿಡಿಯುವವರ ಹಕ್ಕಿಗೆ ನದಿಯನ್ನು ಬರೆದುಕೊಟ್ಟಿರುವಾಗ ಈಜುವವನ ಹಕ್ಕೇನಾಯಿತು? ಇಂಗ್ಲೆಂಡಿನಲ್ಲಿ 2000ದ ಕಾನೂನು ಬೆಟ್ಟ ಬಯಲುಗಳಲ್ಲಿ ನಡೆದಾಡುವ ಹಕ್ಕನ್ನು ವಿಸ್ತರಿಸಿತೇ ಹೊರತು ನದಿಗಿಳಿಯುವ ಹಕ್ಕನ್ನಲ್ಲ. ಡೀಕಿನ್ ಎತ್ತಿದ ಪ್ರಶ್ನೆ ಹಾಗೇ ಉಳಿದಿದೆ.

ಡೀಕಿನ್ ಅವರಿಗೆ ಪ್ರೇರಣೆಯಾದದ್ದು ಜಾನ್ ಚೀವರ್ 1964ರಲ್ಲಿ ಬರೆದ ಸಣ್ಣಕಥೆ ‘ದ ಸ್ವಿಮ್ಮರ್’. ನೆಡ್ಡಿ ಮೆರಿಲ್ ಎಂಬ ಸಿರಿವಂತ ಒಂದು ಭಾನುವಾರ ನೆರೆಹೊರೆಯವರ ಹಿತ್ತಲಿನ ಈಜುಕೊಳಗಳನ್ನು ಒಂದಾದಮೇಲೊಂದು ಈಜುತ್ತಾ ಮನೆಗೆ ಹೋಗಲು ಹೊರಡುತ್ತಾನೆ. ದಾರಿಯಲ್ಲಿ ಸಾರ್ವಜನಿಕ ಕೊಳವೊಂದು ಸಿಗುತ್ತದೆ. ಕಾಲು ತೊಳೆದು, ಗದ್ದಲದ ನೀರಿಗೆ ಹಾರಿ, ಅಸಹ್ಯಪಡುತ್ತಲೇ ಈಜುತ್ತಾನೆ. ಗುರುತಿನ ಬಿಲ್ಲೆ ಇಲ್ಲದ ಅವನನ್ನು ಕಾವಲಿನ ಹುಡುಗರು ಹೊರಗೆ ಕರೆಯುತ್ತಾರೆ. ಸಿರಿವಂತರ ಹಿತ್ತಲುಗಳಲ್ಲಿ ಕೇಳದೆಯೇ ಇಳಿದವನಿಗೆ ಊರೆಲ್ಲರ ಕೊಳದಲ್ಲಿ ಜಾಗವಿಲ್ಲ. ಕೊನೆಗೆ ಸಿಗುವುದು ಬೀಗ ಹಾಕಿದ ಖಾಲಿ ಮನೆ. ಈ ಕಥೆಯಿಂದ ಡೀಕಿನ್ ಪಯಣದ ಉಪಾಯವನ್ನು ತೆಗೆದುಕೊಂಡರು, ಕತ್ತಲನ್ನು ಬಿಟ್ಟರು. ಅವರ ನಂತರದವರು ಡೀಕಿನ್‌ರಿಂದ ನಲಿವನ್ನು ತೆಗೆದುಕೊಂಡು ಜಗಳವನ್ನು ಬಿಟ್ಟರು. ಪಂಥ ಸೊರಗಿದ್ದು ಹೀಗೆ.

2010ರ ದಶಕದಿಂದೀಚೆಗೆ ಬಂದ ಆತ್ಮಕಥನಗಳದ್ದು ಹೆಚ್ಚುಕಡಿಮೆ ಒಂದೇ ಅಚ್ಚು. ಪ್ರೀತಿ ಮುರಿಯುತ್ತದೆ, ಇಲ್ಲವೇ ಖಿನ್ನತೆ ಕವಿಯುತ್ತದೆ; ತಣ್ಣೀರಿಗೆ ಇಳಿಯುತ್ತಾರೆ; ಮೈ ಜುಮ್ಮೆನ್ನುತ್ತದೆ; ಕೊನೆಯ ಅಧ್ಯಾಯದ ಹೊತ್ತಿಗೆ ಮನಸ್ಸು ತಿಳಿಯಾಗಿರುತ್ತದೆ. ಕೆರೆ ಇಲ್ಲಿ ಔಷಧಿ ಅಂಗಡಿ. ಅದರ ಒಡೆತನ, ಹೂಳು, ಊರಿನ ಚರಂಡಿ ಸೇರುವ ಜಾಗ ಯಾವುದೂ ಲೆಕ್ಕಕ್ಕಿಲ್ಲ. ಈ ಗುಂಪಿನಲ್ಲಿ ತಲೆಯೆತ್ತಿ ನಿಲ್ಲುವುದು ಜೆಸಿಕಾ ಜೆ. ಲೀ ಅವರ ‘ಟರ್ನಿಂಗ್’ (2017). ಬರ್ಲಿನ್ ಸುತ್ತಲಿನ 52 ಕೆರೆಗಳಲ್ಲಿ ವರ್ಷವಿಡೀ ಈಜುವ ಲೀ, ಚಳಿಗಾಲದಲ್ಲಿ ಸುತ್ತಿಗೆ ಹಿಡಿದು ಮಂಜುಗಡ್ಡೆ ಒಡೆದು ನೀರಿಗಿಳಿಯುತ್ತಾರೆ. ಮುರಿದ ಮನಸ್ಸಿನ ಕಥೆ ಇಲ್ಲೂ ಇದೆ. ಆದರೆ ಹಿಮನದಿಗಳು ಕೊರೆದ ಆ ಕೆರೆಗಳಿಗೂ ಅವುಗಳ ನೆಲಕ್ಕೂ ಇರುವ ಸ್ವಂತ ಚರಿತ್ರೆಯನ್ನು ಲೇಖಕಿ ಮರೆಯುವುದಿಲ್ಲ.

ಸ್ಪರ್ಧೆ ಮತ್ತು ಸಾಹಸದ ಪುಸ್ತಕಗಳು ಕೀಳು ಎಂಬ ಭಾವನೆ ಸಾಹಿತ್ಯದ ಓದುಗರಲ್ಲಿದೆ. ನನ್ನ ಒರೆಗಲ್ಲಿಗೆ ತಿಕ್ಕಿದರೆ ಎರಡು ಪುಸ್ತಕಗಳು ಆ ಭಾವನೆಯನ್ನು ಸುಳ್ಳು ಮಾಡುತ್ತವೆ. ಲಿನ್ ಕಾಕ್ಸ್ ಅವರ ‘ಸ್ವಿಮ್ಮಿಂಗ್ ಟು ಅಂಟಾರ್ಕ್ಟಿಕಾ’ (2004) ಭಾಷೆಯಲ್ಲಿ ಸಾದಾ. ಆದರೆ 1987ರ ಆಗಸ್ಟ್‌ನಲ್ಲಿ ಅವರು ಬೇರಿಂಗ್ ಜಲಸಂಧಿಯಲ್ಲಿ ಅಮೆರಿಕದ ದ್ವೀಪದಿಂದ ಸೋವಿಯತ್ ದ್ವೀಪಕ್ಕೆ ಈಜಿದ ಕಥನ ನೋಡಿ. ದ್ವೀಪಗಳ ನಡುವಿನ ದೂರ ಸುಮಾರು ನಾಲ್ಕು ಕಿಲೋಮೀಟರ್, ನೀರಿನಲ್ಲಿದ್ದದ್ದು 2 ಗಂಟೆಯ ಆಸುಪಾಸು. ಅನುಮತಿಗಾಗಿ ಪತ್ರ ಬರೆದು ಬಾಗಿಲು ತಟ್ಟಿದ್ದು 11 ವರ್ಷ. ಮೂಳೆ ಕೊರೆಯುವ ತಣ್ಣೀರಿಗಿಂತ ಗಡಿಯೇ ದೊಡ್ಡ ಅಡ್ಡಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಬಂದ ಸೋವಿಯತ್ ನಾಯಕ ಗೋರ್ಬಚೆವ್ ಈ ಈಜನ್ನು ನೆನೆದು ಹೊಗಳಿದರು.

ಲಿಯಾನ್ ಶಾಪ್ಟನ್ ಅವರ ‘ಸ್ವಿಮ್ಮಿಂಗ್ ಸ್ಟಡೀಸ್’ (2012) ಸೋತವರ ಪುಸ್ತಕ. 1988 ಮತ್ತು 1992ರಲ್ಲಿ ಕೆನಡಾದ ಒಲಿಂಪಿಕ್ ಆಯ್ಕೆ ಸ್ಪರ್ಧೆಗಳಲ್ಲಿ ಈಜಿ, ತಂಡಕ್ಕೆ ಆಯ್ಕೆಯಾಗದೆ ಚಿತ್ರಕಲಾವಿದೆಯಾದವರು ಅವರು. ನಸುಕಿನ ತರಬೇತಿ, ಕೋಚ್ ಕೈಯ ಸ್ಟಾಪ್‌ವಾಚ್, ಸೆಕೆಂಡಿನ ನೂರನೇ ಒಂದಂಶಕ್ಕೆ ಒತ್ತೆಯಿಟ್ಟ ಹರೆಯ ಇದರಲ್ಲಿವೆ. ಒಂದು ಅಧ್ಯಾಯದಲ್ಲಿ 14 ವಾಸನೆಗಳನ್ನು ಹದಿನಾಲ್ಕು ಜಲವರ್ಣದ ಮಚ್ಚೆಗಳಾಗಿ ಬರೆದಿಟ್ಟಿದ್ದಾರೆ. ಇನ್ನೊಂದು ಕಡೆ, ತೊಟ್ಟ ಈಜುಡುಗೆಗಳ ಫೋಟೊಗಳು. ಗೆಲ್ಲದವರಿಗೂ ಈಜು ಮೈಯಲ್ಲಿ ಉಳಿಯುವ ಬಗೆಯನ್ನು ಇಷ್ಟು ನಿಷ್ಠುರವಾಗಿ ಬರೆದ ಇನ್ನೊಂದು ಪುಸ್ತಕ ನನಗೆ ಗೊತ್ತಿಲ್ಲ.

ಕೈಪಿಡಿಗಳಲ್ಲಿ ಒಂದೇ ಸಾಕು: ಟೆರ್ರಿ ಲಾಫ್ಲಿನ್ ಅವರ ‘ಟೋಟಲ್ ಇಮ್ಮರ್ಶನ್’ (1996). ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟಾದರೆ ತಡೆ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ತೋಳಿನ ಬಲ ಹೆಚ್ಚಿಸುವುದಕ್ಕಿಂತ ಮೈಯನ್ನು ನೀಳವಾಗಿಸಿ ತಡೆ ತಗ್ಗಿಸುವುದೇ ಲಾಭ ಎಂಬುದು ಲಾಫ್ಲಿನ್ ಪಾಠ. ನಲವತ್ತು ದಾಟಿ ಕೊಳಕ್ಕಿಳಿದು, ಕಾಲು ಮುಳುಗುತ್ತಿದೆಯಲ್ಲ ಎಂದು ಒದ್ದಾಡುವವರಿಗೆ ಇದು ವರ. ಸ್ಪರ್ಧೆಗೆ ಓಡುವ ಮಕ್ಕಳಿಗೆ ಸಾಲದು. ಅವರಿಗೆ ಪುಸ್ತಕಕ್ಕಿಂತ ಕೋಚ್ ಬೇಕು.

ಪಂಥ ನೋಡದೆ ಬಿಟ್ಟದ್ದನ್ನು ನೋಡಿದವರು ಇತಿಹಾಸಕಾರರು. ಜೆಫ್ ವಿಲ್ಟ್ಸಿ ಅವರ ‘ಕಂಟೆಸ್ಟೆಡ್ ವಾಟರ್ಸ್’ (2007) ಅಮೆರಿಕದ ಸಾರ್ವಜನಿಕ ಈಜುಕೊಳಗಳ ಸಾಮಾಜಿಕ ಚರಿತ್ರೆ. ಮೊದಲಿಗೆ ಉತ್ತರದ ನಗರಗಳ ಕೊಳಗಳು ಬಡವರ ಸ್ನಾನಕ್ಕೆಂದು ಕಟ್ಟಿದವು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ದಿನ. ಕರಿಯರೂ ಬಿಳಿಯರೂ ಮಾತ್ರ ಒಟ್ಟಿಗೇ ಇಳಿಯುತ್ತಿದ್ದರು. 1920ರ ನಂತರ ಗಂಡು ಹೆಣ್ಣು ಒಟ್ಟಿಗೆ ಈಜತೊಡಗಿದ ಮೇಲೆ ಕರಿಯರನ್ನು ಹೊರಗಿಟ್ಟರು. ಬಿಳಿಯ ಹೆಂಗಸರ ಹತ್ತಿರ ಕರಿಯ ಗಂಡಸರು ಬರಬಾರದು ಎಂಬ ಭಯ, ಅವರು ಇಳಿದ ನೀರು ಕೊಳಕು ಎಂಬ ನಂಬಿಕೆ ಎರಡೂ ಕೂಡಿದ್ದವು. 1949ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ನಗರದ ಫೇರ್‌ಗ್ರೌಂಡ್ ಪಾರ್ಕ್ ಕೊಳಕ್ಕೆ ಕರಿಯರ ಮಕ್ಕಳನ್ನು ಬಿಟ್ಟ ಮೊದಲ ದಿನವೇ ಬಿಳಿಯರ ಗುಂಪು ಹಲ್ಲೆಗಿಳಿಯಿತು. ನಗರಾಡಳಿತ ಪ್ರತ್ಯೇಕತೆಯನ್ನು ಮರಳಿ ತಂದಿತು. ನ್ಯಾಯಾಲಯಗಳು ಬಾಗಿಲು ತೆರೆಸಿದಾಗ ಬಿಳಿಯರು ಖಾಸಗಿ ಕ್ಲಬ್ಬುಗಳಿಗೂ ಹಿತ್ತಲಿನ ಕೊಳಗಳಿಗೂ ಸರಿದರು. ಇದನ್ನು ಓದಿದ ಮೇಲೆ ಚೀವರ್ ಕಥೆಯ ಹಿತ್ತಲುಗಳು ಬೇರೆಯಾಗಿಯೇ ಕಾಣುತ್ತವೆ.

ಕೆವಿನ್ ಡಾಸನ್ ಅವರ ‘ಅಂಡರ್‌ಕರೆಂಟ್ಸ್ ಆಫ್ ಪವರ್’ (2018) ಇನ್ನೂ ಹಿಂದಕ್ಕೆ ಹೋಗುತ್ತದೆ. ಯುರೋಪಿನ ಬಹುಪಾಲು ಜನರಿಗೆ ಈಜು ಬಾರದ ಕಾಲದಲ್ಲಿ ಪಶ್ಚಿಮ ಆಫ್ರಿಕದವರು ನೀರಿನಲ್ಲಿ ನಿಪುಣರಾಗಿದ್ದರು. ಗುಲಾಮರಾಗಿ ಒಯ್ಯಲ್ಪಟ್ಟ ಮೇಲೆ ಆ ನೈಪುಣ್ಯವನ್ನೂ ಒಡೆಯರು ಮುತ್ತು ತೆಗೆಸಲು ದುಡಿಸಿಕೊಂಡರು. ಕೈ ಎತ್ತಿ ಬೀಸುವ ಈಜಿನದ್ದೂ ಇಂಥದೇ ಕಥೆ. 1844ರಲ್ಲಿ ಲಂಡನ್ನಿಗೆ ಬಂದ ಇಬ್ಬರು ಅಮೆರಿಕದ ಮೂಲನಿವಾಸಿಗಳು ಹಾಗೆ ಈಜಿ ತೋರಿಸಿದಾಗ ಇಂಗ್ಲಿಷರಿಗೆ ಅದು ಒರಟಾಗಿ ಕಂಡಿತು. ಆಮೇಲೆ 1875ರಲ್ಲೂ ಇಂಗ್ಲೆಂಡಿನ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ್ದು 21 ಗಂಟೆ 45 ನಿಮಿಷ ಕಪ್ಪೆ ಈಜು ಹೊಡೆದೇ.

ಕನ್ನಡದ ಓದುಗರಿಗೆ ಈ ಎರಡು ಪುಸ್ತಕಗಳು ಹತ್ತಿರವಾಗಲು ಕಾರಣ ಹುಡುಕಬೇಕಿಲ್ಲ. ನಮ್ಮ ಹಳೆಯ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಅರಸರೂ ರಾಣಿಯರೂ ಅಲ್ಲಿ ಶೃಂಗಾರಕ್ಕಾಗಿ ನೀರಿಗಿಳಿಯುತ್ತಾರೆ. ಸೊರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕೈಕಾಲು ಬಡಿಯುವ ಹುಡುಗ ಆ ವರ್ಣನೆಯ ಹೊರಗೆ, ಬಾವಿಯ ಹತ್ತಿರವೂ ಬರಬಾರದವನು ಇನ್ನೂ ಹೊರಗೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ್ದು ಈಜುವುದಕ್ಕಲ್ಲ, ಕುಡಿಯುವ ಹಕ್ಕಿಗೆ. ಆಮೇಲೆ ಸವರ್ಣೀಯರು ಕೆರೆಯನ್ನು ‘ಶುದ್ಧಿ’ ಮಾಡಿದ ಸಂಗತಿಯನ್ನೂ ಸೇಂಟ್ ಲೂಯಿಸ್‌ನ ಆ ದಿನವನ್ನೂ ಜೊತೆಗಿಟ್ಟು ಓದಬಹುದು. ಇಂದಿನ ಅಪಾರ್ಟ್‌ಮೆಂಟುಗಳ ನೀಲಿ ಕೊಳಕ್ಕೆ ಮನೆಗೆಲಸದವರ ಮಕ್ಕಳು ಸಾಮಾನ್ಯವಾಗಿ ಇಳಿಯುವಂತಿಲ್ಲ. ಅಲ್ಲಿನ ನಿಯಮದ ಹಲಗೆಯೂ ದಡದ ಕಾವಲುಗಾರನೇ.

ಹಾಗೆಂದು ಈಜಿನ ಪುಸ್ತಕಗಳೆಲ್ಲ ಸಮಾಜಶಾಸ್ತ್ರವಾಗಬೇಕು ಎಂಬ ಹಟ ನನಗಿಲ್ಲ. ನೀರಿನ ಸುಖವೇ ಇಲ್ಲದ ಪುಸ್ತಕವನ್ನು ಈಜುವವರು ಯಾಕಾದರೂ ಓದಬೇಕು? ವಿಲ್ಟ್ಸಿ ಪುಸ್ತಕದಲ್ಲಿ ಕಾವಲುಗಾರ ತುಂಬಿಕೊಂಡಿದ್ದಾನೆ, ಮೈಗೆ ತಾಗುವ ನೀರು ಕಡಿಮೆ. ಸ್ಪ್ರಾಸನ್‌ರಲ್ಲಿ ನೀರು ಉಕ್ಕುತ್ತದೆ, ಕಾವಲುಗಾರನಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಹಿಡಿದವರು ಡೀಕಿನ್. ಒಂದೇ ಪುಸ್ತಕ ಕೊಳ್ಳುವುದಿದ್ದರೆ ‘ವಾಟರ್‌ಲಾಗ್’ ಕೊಳ್ಳಿ. ಎರಡು ಕೊಳ್ಳುವಷ್ಟು ಹಣವಿದ್ದರೆ ಎರಡನೆಯದು ಇನ್ನೊಂದು ತಣ್ಣೀರಿನ ಆತ್ಮಕಥೆಯಾಗದೆ ‘ಕಂಟೆಸ್ಟೆಡ್ ವಾಟರ್ಸ್’ ಆಗಲಿ. ಅದನ್ನು ಓದಿದವರಿಗೆ ಮೊದಲ ಪುಸ್ತಕದ ಸುಖ ಕಡಿಮೆಯಾಗುವುದಿಲ್ಲ. ಆ ಸುಖ ಯಾರ ಪಾಲಿಗೆ ಬಂದಿದೆ, ಯಾರ ಪಾಲಿಗೆ ಬಂದಿಲ್ಲ ಎಂಬ ಲೆಕ್ಕ ಮಾತ್ರ ಸ್ಪಷ್ಟವಾಗುತ್ತದೆ.